ಅಂಡಮಾನ್‌ಗೆ ನಾಲ್ಕು ಗೆಳೆಯರು, ಬೆನ್ನಿಗೊಂದೊಂದು ಚೀಲ, ಒಂಬತ್ತು ದಿನ: ಪಟ್ಟಿ ನೋಡಿ ತಪ್ಪಿದ್ದರೆ ಹೇಳಿ

ತುಂಗಾತೀರ

ಜನವರಿ ಕೊನೆಯ ವಾರ ಬೆಂಗಳೂರಿನಿಂದ ನಾಲ್ಕು ಜನ ಹೊರಡುತ್ತಿದ್ದೇವೆ. 9 ದಿನ, 8 ರಾತ್ರಿ. ಪ್ಯಾಕೇಜ್ ಬೇಡ. ಬೋಟು, ಬಸ್ಸು, ಸೈಕಲ್ಲಿನಲ್ಲೇ ಓಡಾಟ. ಈಗಿನ ಪಟ್ಟಿ: ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್, ದಿಗ್ಲಿಪುರ, ಲಿಟಲ್ ಅಂಡಮಾನ್. ಇಬ್ಬರಿಗೆ ಈಜು ಬರುತ್ತದೆ, ಇಬ್ಬರಿಗೆ ಬರಲ್ಲ. ಸ್ಕೂಬಾವನ್ನು (ಗಾಳಿಯ ಸಿಲಿಂಡರ್ ಹೊತ್ತು ಕಡಲಿನೊಳಗೆ ಮುಳುಗುವ ಡೈವಿಂಗ್) ಕೊನೆಯ ದಿನಕ್ಕೆ ಇಟ್ಟಿದ್ದೇವೆ. ಟೆಂಟ್ ಒಯ್ಯಬೇಕಾ?

ಕಾಂಡ್ಲಾವನ

ನಿಮ್ಮ ಪಟ್ಟಿಯಲ್ಲಿ ಎರಡು ಪ್ರವಾಸ ಕೂಡಿಕೊಂಡಿವೆ. ದಿಗ್ಲಿಪುರ ಉತ್ತರದ ತುದಿ, ಲಿಟಲ್ ಅಂಡಮಾನ್ ದಕ್ಷಿಣದಲ್ಲಿ. ಪೋರ್ಟ್ ಬ್ಲೇರ್‌ನಿಂದ ದಿಗ್ಲಿಪುರಕ್ಕೆ ಬಸ್ಸಿನಲ್ಲಿ ಸುಮಾರು 12 ಗಂಟೆ. ಲಿಟಲ್ ಅಂಡಮಾನ್‌ನ ಹಟ್ ಬೇಗೆ ಹಡಗಿನಲ್ಲಿ 6ರಿಂದ 8 ಗಂಟೆ. ಎರಡಕ್ಕೂ ಹೋಗಿಬಂದರೆ ಒಂಬತ್ತರಲ್ಲಿ ನಾಲ್ಕು ದಿನ ಸೀಟಿನ ಮೇಲೇ ಹೋಯಿತು. ಈ ಸಲ ಎರಡನ್ನೂ ಬಿಡಿ.

ಅಲ್ಲಿ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ಬೋಟು. ಆಮೇಲೆ ರೂಮು, ಜಾಗಗಳು ಕೊನೆಗೆ. ರಾತ್ರಿಗಳನ್ನು ಹೀಗೆ ಹಂಚಿ: ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಂತರ ಮೂರು ಹ್ಯಾವ್‌ಲಾಕ್, ಎರಡು ನೀಲ್, ಕೊನೆಯ ಎರಡು ಮತ್ತೆ ಪೋರ್ಟ್ ಬ್ಲೇರ್. ಕೊನೆಯ ಎರಡು ರಾತ್ರಿ ಸುಮ್ಮನೆ ಹಾಳು ಅನ್ನಿಸಬಹುದು, ಆದರೆ ಇಡೀ ಪ್ಲಾನಿನ ಜೀವ ಅದರಲ್ಲೇ ಇದೆ. ಗಾಳಿ ಎದ್ದು ಕಡಲು ಕೆಟ್ಟರೆ ಸರ್ಕಾರಿ, ಖಾಸಗಿ ಎನ್ನದೆ ಬೋಟು ನಿಲ್ಲಿಸುತ್ತಾರೆ. ನೀಲ್‌ನಲ್ಲಿ ಒಂದು ದಿನ ಸಿಕ್ಕಿಕೊಂಡರೂ ವಿಮಾನ ತಪ್ಪಬಾರದು. ವಿಮಾನದ ದಿನ ಬೆಳಗ್ಗೆ ದ್ವೀಪದಿಂದ ಬೋಟು ಹಿಡಿದು ನೇರ ವಿಮಾನ ನಿಲ್ದಾಣಕ್ಕೆ ಹೋಗುತ್ತೇವೆ ಅನ್ನುವ ಲೆಕ್ಕಾಚಾರ ಬೇಡವೇ ಬೇಡ.

ಹೆಸರುಗಳೂ ಬದಲಾಗಿವೆ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ; ಇವು 2018ರಿಂದ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಜನರ ಬಾಯಲ್ಲಿ ಹಳೆಯದು, ಟಿಕೆಟ್ಟು ಮತ್ತು ಬೋರ್ಡಿನಲ್ಲಿ ಹೊಸದು. ಬುಕ್ ಮಾಡುವಾಗ ಎರಡೂ ಗೊತ್ತಿರಲಿ.

ಬಯಲುಸೀಮೆ

ಸರ್ಕಾರಿ ಬೋಟೋ ಖಾಸಗಿಯೋ? ಖಾಸಗಿಯದು ಬಹಳ ತುಟ್ಟಿ ಅಂತಾರ್ರಿ.

ಕಾಂಡ್ಲಾವನ

ತುಟ್ಟಿ ಹೌದು. ಖಾಸಗಿ ಕ್ಯಾಟಮರಾನ್ (ಜೋಡಿ ಒಡಲಿನ ವೇಗದ ಬೋಟು) ಹ್ಯಾವ್‌ಲಾಕ್‌ಗೆ ಸುಮಾರು ಒಂದೂವರೆ ಗಂಟೆ ತೆಗೆದುಕೊಂಡರೆ, ಸರ್ಕಾರಿ ಬೋಟು ಎರಡರಿಂದ ಎರಡೂವರೆ ಗಂಟೆ. ಹಣ ಉಳಿಯುವುದರ ಜೊತೆಗೆ ಇನ್ನೊಂದು ಅನುಕೂಲ ಇದೆ. ಕ್ಯಾಟಮರಾನ್ ಪೂರ್ತಿ ಮುಚ್ಚಿದ ಎ.ಸಿ. ಹಾಲ್, ಸರ್ಕಾರಿ ಬೋಟುಗಳಲ್ಲಿ ಸಾಮಾನ್ಯವಾಗಿ ಡೆಕ್ಕಿಗೆ ಬಂದು ಗಾಳಿಗೆ ನಿಲ್ಲಬಹುದು. ಹೊಟ್ಟೆ ತೊಳಸುವವರಿಗೆ ಡೆಕ್ಕೇ ವಾಸಿ.

ತೊಂದರೆ ಅಂದರೆ ಸೀಟು. ದ್ವೀಪದ ಜನರ ನಿತ್ಯದ ಓಡಾಟಕ್ಕೆ ಇರುವುದೇ ಆ ಬೋಟು. ಜನವರಿಯಂಥ ಸೀಜನ್ನಿನಲ್ಲಿ ಬೇಗ ತುಂಬುತ್ತದೆ. ಹಾಗಾಗಿ ಹೋಗುವಾಗ ಖಾಸಗಿ ಬೋಟನ್ನು ಮುಂಗಡ ಬುಕ್ ಮಾಡಿ ಗಟ್ಟಿ ಮಾಡಿಕೊಳ್ಳಿ. ಹ್ಯಾವ್‌ಲಾಕ್‌ನಿಂದ ನೀಲ್‌ಗೆ, ನೀಲ್‌ನಿಂದ ವಾಪಸಿಗೆ ಸರ್ಕಾರಿ ಬೋಟಿಗೆ ಪ್ರಯತ್ನಿಸಿ. ನಾಲ್ಕೂ ಜನರ ಹೆಸರು, ವಯಸ್ಸು, ಗುರುತಿನ ಚೀಟಿಯ ನಂಬರ್ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಕೌಂಟರಿನಲ್ಲಿ ತಡವರಿಸಬೇಕಾಗಿಲ್ಲ. ಮೂಲ ಗುರುತಿನ ಚೀಟಿ ಪ್ರತಿಯೊಬ್ಬರ ಜೇಬಿನಲ್ಲೇ ಇರಲಿ.

ಟಿಕೆಟ್ಟಿನ ಮೇಲೆ ಯಾವ ಜೆಟ್ಟಿ ಎಂದು ಓದಿ. ಫೀನಿಕ್ಸ್ ಬೇ ಬೇರೆ, ಹ್ಯಾಡೋ ಬೇರೆ. ಹೊರಡುವ ಹೊತ್ತಿಗೆ ತಪ್ಪು ಜೆಟ್ಟಿಯಲ್ಲಿ ನಿಂತು ಆಟೊ ಹುಡುಕುವುದು ಅಲ್ಲಿ ಆಗಾಗ ಕಾಣುವ ದೃಶ್ಯ.

ಬೆಳ್ಳಿಮೀನು

ಬೋಟಿನ ವಾಂತಿ ವಿಷಯ. ಮಾತ್ರೆ ತೆಗೆದುಕೊಳ್ಳುವವರು ಬೋಟು ಹತ್ತುವ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ರಕ್ತಕ್ಕೆ ಸೇರುವ ಮೊದಲೇ ಹೊರಗೆ ಬರುತ್ತದೆ. ಅವೊಮಿನ್‌ನಂಥವು ನಿದ್ದೆ ತರುತ್ತವೆ, ಇಳಿದ ಕೂಡಲೇ ಸ್ಕೂಟರ್ ಓಡಿಸಬೇಡಿ. ಬೇರೆ ಔಷಧಿ ನಡೆಯುತ್ತಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ. ಖಾಲಿ ಹೊಟ್ಟೆಯೂ ಬೇಡ, ಪೂರಿ-ಸಾಗುವೂ ಬೇಡ. ಎರಡು ಇಡ್ಲಿ ಅಥವಾ ಬಾಳೆಹಣ್ಣು ಸಾಕು. ಬೋಟಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕುಲುಕು ಕಡಿಮೆ. ಮೊಬೈಲ್ ಒಳಗಿಟ್ಟು ದೂರದ ಕಡಲಂಚು ನೋಡುತ್ತಾ ಕೂರಿ.

ಸ್ಕೂಬಾ ಕೊನೆಯ ದಿನಕ್ಕೆ ಇಟ್ಟಿರುವುದು ದೊಡ್ಡ ತಪ್ಪು. ಆಳದಲ್ಲಿ ಒತ್ತಡದ ಗಾಳಿ ಉಸಿರಾಡುವಾಗ ಹೆಚ್ಚಿನ ಸಾರಜನಕ ಮೈಯೊಳಗೆ ಕರಗುತ್ತದೆ. ಮೇಲೆ ಬಂದ ನಂತರ ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ವಿಮಾನ ಹತ್ತಿದರೆ ಕ್ಯಾಬಿನ್ನಿನ ಕಡಿಮೆ ಒತ್ತಡಕ್ಕೆ ಅದು ಗುಳ್ಳೆಯಾಗಿ ಕೀಲು, ನರಗಳಿಗೆ ಪೆಟ್ಟು ಕೊಡಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಟ್ಟು ವಿಮಾನ ಎಂಬುದು ಡೈವಿಂಗ್ ನಿಯಮ. ಪೂರ್ತಿ ಒಂದು ದಿನ ಬಿಟ್ಟರೆ ಯೋಚನೆಯೇ ಇಲ್ಲ. ಹ್ಯಾವ್‌ಲಾಕ್‌ನ ಎರಡನೇ ದಿನ ಬೆಳಗ್ಗೆ ಇಟ್ಟುಕೊಳ್ಳಿ.

ಈಜು ಬಾರದ ಇಬ್ಬರೂ ಮಾಡಬಹುದು. ಪರಿಚಯದ ಡೈವಿನಲ್ಲಿ ಬೋಧಕರು ಪೂರ್ತಿ ಜೊತೆಗಿರುತ್ತಾರೆ, ಆಳದ ಮಿತಿ 12 ಮೀಟರ್. ಕಲಿಯಬೇಕಾದ್ದು ಮೂರು ಕೆಲಸ: ಬಾಯಲ್ಲೇ ಉಸಿರಾಡುವುದು, ಮುಖವಾಡದೊಳಗೆ ನೀರು ಬಂದರೆ ಮೇಲಂಚು ಒತ್ತಿ ಮೂಗಿನಿಂದ ಊದಿ ಹೊರಹಾಕುವುದು, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಸರಿಮಾಡಿಕೊಳ್ಳುವುದು. ಕಿವಿಯ ಕೆಲಸವನ್ನು ಇಳಿಯಲು ಶುರುಮಾಡಿದಾಗಿನಿಂದಲೇ, ನೋವು ಬರುವ ಮೊದಲೇ ಮಾಡುತ್ತಿರಬೇಕು. ಬಂದರೆ ಕೈಸನ್ನೆ ಮಾಡಿ ಸ್ವಲ್ಪ ಮೇಲೇರಿ, ಸರಿಯಾದ ಮೇಲಷ್ಟೇ ಇಳಿಯಿರಿ. ಒತ್ತಾಯದಿಂದ ಇಳಿದರೆ ಕಿವಿತಮಟೆಗೆ ಪೆಟ್ಟು. ನೆಗಡಿ ಕಟ್ಟಿದ್ದರೆ ಆ ದಿನ ಡೈವ್ ಬೇಡ. ಉಬ್ಬಸ, ಹೃದಯದ ತೊಂದರೆ, ಹಿಂದಿನ ಆಪರೇಷನ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ಮೊದಲೇ ಡಾಕ್ಟರ ಚೀಟಿ ತನ್ನಿ. ಬೋಟಿನ ಮಾತ್ರೆ ನುಂಗಿದ್ದರೆ ಅದನ್ನೂ ಬೋಧಕರಿಗೆ ಹೇಳಿ.

ಡೈವಿಂಗ್ ಪ್ರಮಾಣಪತ್ರ ಕೊಡುವ ಪೂರ್ತಿ ಓಪನ್ ವಾಟರ್ ಕೋರ್ಸಿಗೆ ಮೂರ್ನಾಲ್ಕು ದಿನ ಬೇಕು, ಅದರಲ್ಲಿ 4 ಡೈವ್, ಗರಿಷ್ಠ 18 ಮೀಟರ್. ನಿಮ್ಮ ಮೂರು ರಾತ್ರಿಗೆ ಅದು ಕೂರುವುದಿಲ್ಲ. ಮುರುಡೇಶ್ವರದ ನೇತ್ರಾಣಿಯಲ್ಲಿ ಒಂದು ಪರಿಚಯದ ಡೈವ್ ಮಾಡಿ ಬಂದವರಿಗೆ ಹ್ಯಾವ್‌ಲಾಕ್‌ನಲ್ಲಿ ಗಾಬರಿ ಕಡಿಮೆ ಇರುತ್ತದೆ.

ಉಪ್ಪುನೀರು

ಗಡಿಯಾರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಪೋರ್ಟ್ ಬ್ಲೇರ್ ಇರುವುದು 92.7ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಸೂರ್ಯ 40 ನಿಮಿಷ ಮುಂದೆ. ಜನವರಿ ಕೊನೆಗೆ ಸುಮಾರು 5:45ಕ್ಕೆ ಸೂರ್ಯೋದಯ, 5:20ರ ಸುಮಾರಿಗೆ ಸೂರ್ಯಾಸ್ತ. ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂಚೆ ಕತ್ತಲು. ಹತ್ತಕ್ಕೆ ಎದ್ದು ಹನ್ನೊಂದಕ್ಕೆ ತಿಂಡಿ ತಿನ್ನುವ ತಂಡಕ್ಕೆ ಅರ್ಧ ದಿನ ಮುಗಿದಿರುತ್ತದೆ. 5ಕ್ಕೆ ಎದ್ದು, 9ಕ್ಕೆ ಮಲಗಿ. ರಾಧಾನಗರ ಬೀಚು ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್, ದಾರಿಯಲ್ಲಿ ಏರಿಳಿತ, ಕಾಡು. ಅಲ್ಲಿ ಸೂರ್ಯಾಸ್ತ ನೋಡಿ ಸೈಕಲ್ಲಿನಲ್ಲಿ ಕತ್ತಲಲ್ಲಿ ವಾಪಸು ಬರಬೇಡಿ. ಆ ದಿನ ಸ್ಕೂಟರ್ ತೆಗೆದುಕೊಳ್ಳಿ ಅಥವಾ ಆಟೊಗೆ ಹೋಗಿಬರುವ ಬಾಡಿಗೆ ಮೊದಲೇ ಮಾತಾಡಿ.

ಇನ್ನು ಉಬ್ಬರ-ಇಳಿತ. ನೀಲ್‌ನ ಲಕ್ಷ್ಮಣಪುರ-2ರ ಕಲ್ಲಿನ ಸೇತುವೆ ನೋಡಲು ನೀರು ಇಳಿದಿರಬೇಕು. ಉಬ್ಬರದ ಹೊತ್ತಿಗೆ ಹೋದರೆ ನಡೆದುಹೋಗುವ ಹವಳದ ಹಾಸು ನೀರಿನಡಿ ಇರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಮನೆಯ ಗೋಡೆಯ ಕ್ಯಾಲೆಂಡರೇ ಅರ್ಧ ಉತ್ತರ ಹೇಳುತ್ತದೆ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ತುಂಬಾ ಏರಿ ತುಂಬಾ ಇಳಿಯುತ್ತದೆ, ಅಷ್ಟಮಿಯ ಆಸುಪಾಸು ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಅಷ್ಟಮಿ, ನವಮಿಗೆ ನೀಲ್ ಬಂದರೆ ಸೇತುವೆಯ ಕೆಳಗಿನ ಗುಂಡಿಗಳು ಅಷ್ಟು ಚೆನ್ನಾಗಿ ತೆರೆದುಕೊಳ್ಳುವುದಿಲ್ಲ. ನಿಖರ ಸಮಯಕ್ಕೆ ಪೋರ್ಟ್ ಬ್ಲೇರ್‌ನ ಉಬ್ಬರ-ಇಳಿತದ ಪಟ್ಟಿ ನೋಡಿ. ಪೂರ್ತಿ ಇಳಿತಕ್ಕೆ ಒಂದು ಗಂಟೆ ಮೊದಲು ಅಲ್ಲಿರಿ, ನೀರು ತಿರುಗಿದ ಕೂಡಲೇ ಹೊರಡಿ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು, ಹವಾಯಿ ಚಪ್ಪಲಿ ಜಾರುತ್ತದೆ. ಗುಂಡಿಗಳಲ್ಲಿ ಏಡಿ, ಸಮುದ್ರ ಸೌತೆ, ಸಣ್ಣ ಮೀನು ಕಾಣುತ್ತವೆ. ಕೈ ಹಾಕಬೇಡಿ, ಎತ್ತಿ ತೋರಿಸುವವರಿಗೆ ಹುರುಪು ಕೊಡಬೇಡಿ.

ಹ್ಯಾವ್‌ಲಾಕ್‌ನ ಪೂರ್ವದ ಕಡೆ, ಅಂದರೆ ಗೋವಿಂದನಗರ, ವಿಜಯನಗರದ ದಂಡೆಯಲ್ಲಿ, ಇಳಿತಕ್ಕೆ ನೀರು ಬಹಳ ದೂರ ಹಿಂದೆ ಸರಿದು ಕಲ್ಲು, ಸತ್ತ ಹವಳ ಏಳುತ್ತವೆ. ‘ಬೀಚ್ ಎದುರಿನ ರೂಮು’ ಅಂತ ಹೆಚ್ಚು ಹಣ ಕೊಟ್ಟವರು ಆಗ ಈಜಲಾಗದೆ ಬೇಸರ ಪಡುತ್ತಾರೆ. ಅಲ್ಲಿ ಈಜುವುದು ಉಬ್ಬರದಲ್ಲಿ. ರಾಧಾನಗರದ್ದು ಪಶ್ಚಿಮ ದಂಡೆ, ಮರಳಿನ ತಳ. ಯಾವಾಗಲೂ ಇಳಿಯಬಹುದು, ಆದರೆ ಬಾವುಟ ಮತ್ತು ಕಾವಲುಗಾರರು ಹೇಳಿದ ಗಡಿಯೊಳಗೆ ಮಾತ್ರ.

ಹದ್ದಿನಕಲ್ಲು

ಮೊಸಳೆ ವಿಷಯ ಬರೆಯಲೇಬೇಕು. ಉಪ್ಪುನೀರಿನ ಮೊಸಳೆ ಅಲ್ಲಿ ಕಥೆಯಲ್ಲ. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ಸ್ನಾರ್ಕೆಲ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆ ಮುಖ ಕೆಳಗೆ ಮಾಡಿ ಈಜುವುದು) ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ತೊರೆ ಕಡಲಿಗೆ ಸೇರುವ ಬಾಯಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಅಂಚು, ಮುಂಜಾನೆ ಮುಸ್ಸಂಜೆಯ ಮಬ್ಬು: ಈ ಮೂರರಲ್ಲೂ ನೀರಿಗಿಳಿಯಬೇಡಿ. ವಂಡೂರು ಬೀಚಿನಲ್ಲಿ ಎಚ್ಚರಿಕೆ ಬೋರ್ಡುಗಳಿವೆ, ಅದು ನೋಡುವ ಬೀಚು ಅಂದುಕೊಳ್ಳಿ.

ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿಗೆ ಎರಡು ದಾರಿ. ಜೆಟ್ಟಿಯಿಂದ ಬೋಟು, ಇಲ್ಲವೇ ರಾಧಾನಗರ ರಸ್ತೆಯಿಂದ ಕಾಡಿನೊಳಗೆ ಸುಮಾರು 2 ಕಿಲೋಮೀಟರ್ ನಡಿಗೆ. ಮಳೆ ಬಿದ್ದ ಮರುದಿನ ದಾರಿಯೆಲ್ಲ ಕೆಸರು, ಕೊನೆಯ ಭಾಗ ಉಬ್ಬರಕ್ಕೆ ನೀರು ನಿಲ್ಲುವ ಕಾಂಡ್ಲಾ ತಗ್ಗು. ಇಳಿತ ನೋಡಿಕೊಂಡು, ಬೆಳಗ್ಗೆಯೇ, ದಾರಿ ಬಲ್ಲ ಸ್ಥಳೀಯರ ಜೊತೆ ಹೋಗಿ, ಮಧ್ಯಾಹ್ನ 3ರೊಳಗೆ ಕಾಡಿನಿಂದ ಹೊರಗಿರಿ. ಈಜು ಬಾರದವರು ಮೊಣಕಾಲು ನೀರಿನಲ್ಲೂ ಲೈಫ್ ಜಾಕೆಟ್ ಬಿಚ್ಚಬಾರದು. ಕೆಳಗಿನ ಪಟ್ಟಿ ಬಿಗಿಯಾಗಿ ಕಟ್ಟದಿದ್ದರೆ ಜಾಕೆಟ್ ಕಿವಿಯ ಮಟ್ಟಕ್ಕೆ ಏರಿ ಮುಖ ನೀರಿಗೆ ಬರುತ್ತದೆ, ಅದನ್ನು ಒಬ್ಬರಿಗೊಬ್ಬರು ಎಳೆದು ನೋಡಿ.

ಬಾಡಿಗೆ ಸ್ನಾರ್ಕೆಲ್ ಮುಖವಾಡ ಪರೀಕ್ಷೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿ ನಿಂತರೆ ನಿಮ್ಮ ಮುಖಕ್ಕೆ ಸರಿ. ಮೀಸೆ, ಕೂದಲು ಅಂಚಿಗೆ ಸಿಕ್ಕಿದರೆ ನೀರು ನುಗ್ಗುತ್ತದೆ.

ತುಂಗಾತೀರ

ತುಂಬಾ ಉಪಕಾರ. ಸ್ಕೂಬಾ ಮೂರನೇ ದಿನಕ್ಕೆ ಬಂತು. ಚೀಲ ಮತ್ತು ಟೆಂಟ್ ಬಗ್ಗೆಯೂ ಹೇಳಿ.

ಕಾಂಡ್ಲಾವನ

ಟೆಂಟ್ ಬಿಟ್ಟು ಬನ್ನಿ. ಬೀಚು, ಕಾಡಿನಲ್ಲಿ ಅನುಮತಿಯಿಲ್ಲದೆ ಟೆಂಟ್ ಹೊಡೆಯುವ ಹಾಗಿಲ್ಲ, ಬೆಂಕಿ ಹಾಕುವ ಹಾಗಿಲ್ಲ. ಗ್ಯಾಸ್ ಕ್ಯಾನಿಸ್ಟರ್ ವಿಮಾನಕ್ಕೆ ಬಿಡುವುದೂ ಇಲ್ಲ. ಬಿದಿರಿನ ಗುಡಿಸಲು, ಸಣ್ಣ ಲಾಡ್ಜುಗಳು ಎರಡೂ ದ್ವೀಪದಲ್ಲಿವೆ, ನಾಲ್ಕು ಜನಕ್ಕೆ ಎರಡು ರೂಮು ಸಾಕು.

40 ಲೀಟರ್ ಚೀಲ, ಒಳಗಿನದೆಲ್ಲ ಸೇರಿ 8 ಕಿಲೋ ದಾಟದಿರಲಿ. ಜೆಟ್ಟಿಯಲ್ಲಿ ಅಲುಗಾಡುವ ಹಲಗೆಯ ಮೇಲೆ ನಡೆಯಬೇಕು, ಎರಡೂ ಕೈ ಖಾಲಿ ಇರಬೇಕು. ಚಕ್ರದ ಸೂಟ್‌ಕೇಸು ಅಲ್ಲಿ ಶತ್ರು. ಮೂರು ಟೀಶರ್ಟು, ಎರಡು ಚಡ್ಡಿ, ಒಂದು ತೆಳು ಉದ್ದ ಪ್ಯಾಂಟು, ನೀರಿಗಿಳಿಯಲು ಉದ್ದ ತೋಳಿನ ಬಿಗಿ ಅಂಗಿ, ಒಂದು ಪಂಚೆ. ಪಂಚೆ ಟವೆಲ್ಲಿಗಿಂತ ಬೇಗ ಒಣಗುತ್ತದೆ, ಹಾಸಲೂ ಹೊದೆಯಲೂ ಆಗುತ್ತದೆ. ಜೀನ್ಸ್ ಬೇಡ. ಕಡಲ ಗಾಳಿಯ ತೇವಕ್ಕೆ ಎರಡು ದಿನವಾದರೂ ಒಣಗುವುದಿಲ್ಲ, ತೊಡೆಸಂದು ಉಜ್ಜಿ ಹುಣ್ಣಾಗುತ್ತದೆ.

ಮಳೆಕವರ್ ಹೊರಗಿನ ಮಳೆಗಷ್ಟೇ. ಬೋಟಿನ ನೆಲದಲ್ಲಿ ನಿಂತ ನೀರು ಕೆಳಗಿನಿಂದ ಬರುತ್ತದೆ. ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಕೊಟ್ಟೆ ಇಟ್ಟು, ಬಟ್ಟೆಯೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ ರಬ್ಬರ್ ಹಾಕಿ. ಮೊಬೈಲು, ಕ್ಯಾಮೆರಾಗೆ ತಂಡಕ್ಕೆ ಒಂದೇ 10 ಲೀಟರಿನ ಡ್ರೈ ಬ್ಯಾಗ್. ಅದರ ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಿದರೆ ಮಾತ್ರ ನೀರು ತಡೆಯುತ್ತದೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ, ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್. ತಂಡಕ್ಕೆ 20,000ದ ಎರಡು ಸಾಕು.

ಬೆಳ್ಳಿಮೀನು

ಔಷಧಿ ಡಬ್ಬಿ ತಂಡಕ್ಕೆ ಒಂದು: ಓಆರ್‌ಎಸ್ 8 ಪೊಟ್ಟಣ (ಪೊಟ್ಟಣದ ಮೇಲೆ ಬರೆದಷ್ಟೇ ನೀರು, ದೊಡ್ಡದಕ್ಕೆ 1 ಲೀಟರ್, ಅರ್ಧ ಲೋಟಕ್ಕೆ ಕಲಸಬೇಡಿ), ಪ್ಯಾರಾಸಿಟಮಾಲ್, ಸೆಟಿರಿಜಿನ್, ಪೊವಿಡೋನ್ ಅಯೋಡಿನ್, ಗಾಜ್, ಚಿಮಟ, 200 ಎಂಎಲ್ ಬಿಳಿ ವಿನೆಗರ್.

ಹವಳ ತರಚಿದ ಗಾಯ ನೋಡಲು ಚಿಕ್ಕದು, ಆದರೆ ಸುಣ್ಣದ ಚೂರು ಒಳಗೆ ಉಳಿದು ಕೀವಾಗುತ್ತದೆ. ಅದೇ ದಿನ ಸೋಪುನೀರಿನಲ್ಲಿ ತಿಕ್ಕಿ ತೊಳೆದು, ಚೂರು ಚಿಮಟದಿಂದ ತೆಗೆದು, ಆಮೇಲೆ ಅಯೋಡಿನ್. ವಿಷದ ಮುಳ್ಳಿನ ಮೀನು ಚುಚ್ಚಿದರೆ ಕಾಲನ್ನು ಸಹಿಸುವಷ್ಟು ಬಿಸಿನೀರಿನಲ್ಲಿ, 45 ಡಿಗ್ರಿಗಿಂತ ಹೆಚ್ಚಲ್ಲದಂತೆ, ಅರ್ಧ ಗಂಟೆಗೂ ಹೆಚ್ಚು ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಆ ವಿಷ ಶಾಖಕ್ಕೆ ಕೆಡುತ್ತದೆ. ನೋವಿನ ಕಾಲಿಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ನೀರನ್ನು ಬೇರೊಬ್ಬರು ಕೈಯಿಟ್ಟು ನೋಡಲಿ.

ಮುಸ್ಸಂಜೆಗೆ ಮರಳಿನ ಸಣ್ಣ ನೊಣಗಳ ಕಾಟ. ಕಚ್ಚಿದಾಗ ತಿಳಿಯುವುದಿಲ್ಲ, ಮರುದಿನ ಕಾಲೆಲ್ಲ ದದ್ದು. ಬರಿ ಮರಳಿನ ಮೇಲೆ ಮಲಗಬೇಡಿ, ಉದ್ದ ಪ್ಯಾಂಟು ಹಾಕಿ, ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ಕೆರೆದರೆ ಹುಣ್ಣು, ಹುಣ್ಣಾದರೆ ನೀರಿಗಿಳಿಯುವಂತಿಲ್ಲ. ತೆಂಗಿನ ಮರದ ಕೆಳಗೆ ಜೋಲಿ ಕಟ್ಟಬೇಡಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಬಯಲುಸೀಮೆ

ಬಾರಾಟಾಂಗ್ ನೋಡಲೇಬೇಕಾ ರೀ?

ಹದ್ದಿನಕಲ್ಲು

ಸುಣ್ಣಕಲ್ಲಿನ ಗುಹೆ ಚೆನ್ನಾಗಿದೆ, ಕಾಂಡ್ಲಾ ಕಾಡಿನ ನಡುವಿನ ಬೋಟು ಹಾದಿ ಇನ್ನೂ ಚೆನ್ನ. ಆದರೆ ರಸ್ತೆ ಜಾರವಾ ಜನರ ಮೀಸಲು ಕಾಡಿನೊಳಗೆ ಹೋಗುತ್ತದೆ. ಜಿರ್ಕಟಾಂಗ್ ಗೇಟಿನಿಂದ ವಾಹನಗಳನ್ನು ಗೊತ್ತಾದ ಹೊತ್ತಿಗೆ ಗುಂಪಾಗಿ ಬಿಡುತ್ತಾರೆ, ಮೊದಲ ಗುಂಪು ಹಿಡಿಯಲು ಪೋರ್ಟ್ ಬ್ಲೇರ್‌ನಿಂದ ನಸುಕಿನಲ್ಲೇ ಹೊರಡಬೇಕು. ದಾರಿಯಲ್ಲಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಬುಡಕಟ್ಟು ರಕ್ಷಣೆಗೆ 1956ರ ಕಾಯ್ದೆಯೇ ಇದೆ. ಜಾರವಾರನ್ನು ‘ನೋಡುವ’ ಆಸೆ ತೋರಿಸುವ ಡ್ರೈವರ್ ಸಿಕ್ಕರೆ ಆ ಗಾಡಿ ಬಿಟ್ಟುಬಿಡಿ. ಅದು ಅವರ ಮನೆಯಂಗಳ. ನನ್ನ ಅಭಿಪ್ರಾಯದಲ್ಲಿ ಬರೀ ಒಂದು ದಿನದ ಸುತ್ತಾಟಕ್ಕೆ ಆ ದಾರಿಗೆ ಇನ್ನೊಂದು ಗಾಡಿ ಸೇರಿಸಬೇಕಾಗಿಲ್ಲ. ಉಳಿಕೆ ದಿನಕ್ಕೆ ಚಿಡಿಯಾ ಟಾಪು ಹೋಗಿ: ನಗರದಿಂದ ಸುಮಾರು 25 ಕಿಲೋಮೀಟರ್, ಮುಂಡಾ ಪಹಾಡ್‌ಗೆ ಸಣ್ಣ ಕಾಡುನಡಿಗೆ. ಇಲ್ಲವೇ ವಂಡೂರಿನಿಂದ ಜಾಲಿ ಬಾಯ್. ಅದು ಸಮುದ್ರ ರಾಷ್ಟ್ರೀಯ ಉದ್ಯಾನ, ಸೋಮವಾರ ರಜೆ, ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ.

ಕಾಂಡ್ಲಾವನ ಅವರು ದಿಗ್ಲಿಪುರ ಬಿಡಿ ಅಂದದ್ದಕ್ಕೆ ನನ್ನ ಒಪ್ಪಿಗೆ ಅರ್ಧ. ಕಡಲಿಗಿಂತ ಬೆಟ್ಟ ಇಷ್ಟವಾದರೆ ಹ್ಯಾವ್‌ಲಾಕ್, ನೀಲ್ ಎರಡೂ ಬಿಟ್ಟು ಉತ್ತರಕ್ಕೇ ಹೋಗಿ ನಾಲ್ಕು ರಾತ್ರಿ ಉಳಿಯಿರಿ. ಸ್ಯಾಡಲ್ ಪೀಕ್ 732 ಮೀಟರ್, ಆ ದ್ವೀಪಸಮೂಹದ ಅತಿ ಎತ್ತರದ ಶಿಖರ. ಲಾಮಿಯಾ ಬೇಯಿಂದ ಒಂದು ಕಡೆಗೆ ಸುಮಾರು 8 ಕಿಲೋಮೀಟರ್, ಮೊದಲ ಭಾಗ ದಂಡೆಗುಂಟ ಸಮತಟ್ಟು, ಆಮೇಲೆ ಬೇರು ಹಿಡಿದು ಏರುವ ಕಡಿದಾದ ದಾರಿ. ಅರಣ್ಯ ಇಲಾಖೆಯ ಅನುಮತಿ, ತಲೆಗೆ 3 ಲೀಟರ್ ನೀರು, ಬೆಳಗ್ಗೆ 6ಕ್ಕೆ ಶುರು. ಕೊಡಚಾದ್ರಿ ಹತ್ತಿದ ಕಾಲಿಗೆ ಎತ್ತರ ಕಷ್ಟವಲ್ಲ, ಕಷ್ಟ ಸೆಕೆ. ಬೆವರಿನಲ್ಲಿ ಹೋದ ಉಪ್ಪು ತುಂಬದಿದ್ದರೆ ಇಳಿಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ.

ಬೆಳ್ಳಿಮೀನು

ಅದಕ್ಕೊಂದು ಸೇರಿಕೆ: ಡೈವ್ ಆದ ಮೇಲೆ ಸ್ಯಾಡಲ್ ಪೀಕ್ ಏರುವುದಾದರೂ ವಿಮಾನಕ್ಕೆ ಬಿಡುವಷ್ಟೇ ಗಂಟೆ ಬಿಡಿ. 700 ಮೀಟರ್ ಎತ್ತರವೂ ಲೆಕ್ಕಕ್ಕೆ ಬರುತ್ತದೆ.

ಉಪ್ಪುನೀರು

ದುಡ್ಡು: ಎಟಿಎಂ ಹ್ಯಾವ್‌ಲಾಕ್‌ನ ಮೂರನೇ ನಂಬರ್ ಬಜಾರಿನಲ್ಲಿ ಸಿಗುತ್ತವೆ, ಯಾವಾಗಲೂ ನೋಟಿರುತ್ತದೆ ಎಂದಲ್ಲ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ, ಆದರೂ ಫೋನಿನಲ್ಲೇ ಹಣ ಕೊಡುತ್ತೇವೆ ಎಂದು ಕೂರಬೇಡಿ. ನಾಲ್ಕು ದಿನದ ಊಟ, ಬಾಡಿಗೆಯಷ್ಟು ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದು, ಇಬ್ಬರ ಹತ್ತಿರ ಹಂಚಿಡಿ. ಒಬ್ಬರು ಲೆಕ್ಕ ಬರೆಯಲಿ, ದಿನಾ ರಾತ್ರಿ ಮುಗಿಸಲಿ. ಸ್ಕೂಟರ್ ತೆಗೆದುಕೊಳ್ಳುವಾಗ ಹಳೆಯ ಗೀರುಗಳ ವಿಡಿಯೊ ಮಾಡಿ, ಎರಡೂ ಬ್ರೇಕ್ ಒತ್ತಿ ನೋಡಿ.

ವಾಪಸು ಬರುವಾಗ ಹವಳದ ಚೂರು ಒಂದೂ ಬೇಡ, ಸತ್ತದ್ದಾದರೂ ಸರಿ. 1972ರ ವನ್ಯಜೀವಿ ಕಾಯ್ದೆಯಡಿ ಹವಳ ಮತ್ತು ಕೆಲವು ಶಂಖಗಳಿಗೆ ರಕ್ಷಣೆ ಇದೆ, ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಸಿಕ್ಕೇ ಸಿಗುತ್ತದೆ. ನಾಲ್ಕೂ ಚೀಲದ ಪಕ್ಕದ ಜೇಬು ಹಿಂದಿನ ರಾತ್ರಿ ಒದರಿ ನೋಡಿ.

ತುಂಗಾತೀರ

ಬದಲಾದ ಪಟ್ಟಿ: 1 ಪೋರ್ಟ್ ಬ್ಲೇರ್, ಸೆಲ್ಯುಲರ್ ಜೈಲು. 2 ಬೆಳಗಿನ ಖಾಸಗಿ ಬೋಟಿಗೆ ಹ್ಯಾವ್‌ಲಾಕ್, ಸಂಜೆ ರಾಧಾನಗರ. 3 ಬೆಳಗ್ಗೆ ಸ್ಕೂಬಾ. 4 ಎಲಿಫೆಂಟ್ ಬೀಚು. 5, 6 ನೀಲ್, ಸೈಕಲ್. 7 ವಾಪಸು. 8 ಚಿಡಿಯಾ ಟಾಪು ಅಥವಾ ಜಾಲಿ ಬಾಯ್. 9 ವಿಮಾನ. ಲಿಟಲ್ ಅಂಡಮಾನ್, ದಿಗ್ಲಿಪುರ, ಬಾರಾಟಾಂಗ್ ತೆಗೆದಿದ್ದೇವೆ. ಟೆಂಟ್ ಇಲ್ಲ.

ಉಪ್ಪುನೀರು

ಚೆನ್ನಾಗಿದೆ. ಇನ್ನೊಂದೇ: ಟಿಕೆಟ್ ಮಾಡುವ ಮೊದಲು 5 ಮತ್ತು 6ನೇ ದಿನದ ತಿಥಿ ನೋಡಿ. ಅಷ್ಟಮಿ ಬಿದ್ದರೆ ಇಡೀ ಪ್ರವಾಸವನ್ನು ನಾಲ್ಕು ದಿನ ಮುಂದಕ್ಕೆ ತಳ್ಳಿ. ಹಗಲಿನ ಇಳಿತ ಎಷ್ಟು ಗಂಟೆಗೆ ಎಂದು ಆ ಎರಡೂ ದಿನದ್ದು ಬರೆದುಕೊಂಡು, ಸೇತುವೆಗೆ ಯಾವ ದಿನ ಬೆಳಕಿರುವಾಗ ನೀರು ಇಳಿದಿರುತ್ತದೋ ಆ ದಿನ ಹೋಗಿ. ಸೂರ್ಯ 5:20ಕ್ಕೇ ಮುಳುಗುತ್ತಾನೆ, ಇಳಿತ 5ಕ್ಕೆ ಇದ್ದರೆ ಕಲ್ಲಿನ ಮೇಲೆ ವಾಪಸು ನಡೆಯುವುದು ಕತ್ತಲಲ್ಲಿ. ತಲೆಗೆ ಕಟ್ಟುವ ಟಾರ್ಚ್ ನಾಲ್ಕು ತನ್ನಿ.